ಕಡುಶೈತ್ಯದಲ್ಲಿ ಲೋಹಪರೀಕ್ಷೆ

ಪರೇಲ್ ಎಂದರೆ ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗರಿಗೆ ನೆನಪಾಗುತ್ತಿದ್ದುದು ಬಟ್ಟೆಗಿರಣಿಗಳ ಚಿಮಣಿಗಳು, ರೈಲ್ವೆಯ ಕಾರ್ಖಾನೆ, ಪಾಳಿ ಮುಗಿಸಿಕೊಂಡು ಚಾಳುಗಳತ್ತ ಸಾಗುವ ಕಾರ್ಮಿಕರ ಸಾಲು. ಗಿರಣಿಗಳು ಹೋದವು, ಆಸ್ಪತ್ರೆಗಳು ಉಳಿದವು, ಬೆಳೆದವು. ಹಳೆಯ ಗವರ್ನರರ ಬಂಗಲೆಯಲ್ಲಿ ಪ್ಲೇಗಿನ ಸಂಶೋಧನೆಗೆಂದು 1899ರಲ್ಲಿ ನೆಲೆಯೂರಿದ ಹಾಫ್ಕಿನ್ ಸಂಸ್ಥೆ, 1926ರ ಕೆ.ಇ.ಎಂ. ಆಸ್ಪತ್ರೆ, 1941ರಲ್ಲಿ ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆ, ಇವುಗಳ ನಡುವಣ ಬೀದಿಗಳಲ್ಲಿ ಈಗಲೂ ಕನ್ನಡ ಕಿವಿಗೆ ಬೀಳುತ್ತದೆ. ಅದು ಹೆಚ್ಚಾಗಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ರಾತ್ರಿಯೆಲ್ಲ ಪಯಣಿಸಿ ಬಂದು, ರೋಗಿಯ ಕಾಗದಪತ್ರಗಳ ಕಡತವನ್ನು ಎದೆಗವಚಿಕೊಂಡು ಸರದಿಗಾಗಿ ಕಾದಿರುವವರ ಕನ್ನಡ. ಆ ಸರದಿಗಳಲ್ಲೊಂದು ಎಂ.ಆರ್.ಐ. ಯಂತ್ರದ ಕೋಣೆಯ ಮುಂದಿನದು. ಒಳಗೆ ಹೋಗುವವರು ಮೈಮೇಲಿನ ಕಬ್ಬಿಣದ ವಸ್ತುಗಳನ್ನೆಲ್ಲ ಹೊರಗಿಟ್ಟು ಬರಬೇಕೆಂಬ ಕಟ್ಟಪ್ಪಣೆ ಅಲ್ಲಿ ಗೋಡೆಗೋಡೆಯ ಮೇಲೂ ಇರುತ್ತದೆ. ಯಂತ್ರ ಕೆಲಸ ಮಾಡುತ್ತಿರಲಿ ಬಿಡಲಿ, ಹಗಲಿರಲಿ ಇರುಳಿರಲಿ, ಆ ಅಪ್ಪಣೆ ಸಡಿಲುವುದಿಲ್ಲ. ಏಕೆಂದರೆ ಅದರೊಳಗಿನ ಅಯಸ್ಕಾಂತಕ್ಕೆ ವಿಶ್ರಾಂತಿಯೆಂಬುದೇ ಇಲ್ಲ.

ಒಂದೂವರೆ ಟೆಸ್ಲಾ, ಕೆಲವೆಡೆ ಮೂರು ಟೆಸ್ಲಾ ಬಲದ ಆ ಕಾಂತಕ್ಷೇತ್ರ ಭೂಮಿಯ ಸಹಜ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಮಡಿಗೂ ಮಿಗಿಲಾದುದು. ಅದನ್ನು ಹುಟ್ಟಿಸುವುದು ನಿಯೋಬಿಯಂ ಮತ್ತು ಟೈಟೇನಿಯಂ ಬೆರೆತ ಮಿಶ್ರಲೋಹದ ಅತಿ ಸೂಕ್ಷ್ಮ ಎಳೆಗಳನ್ನು ತಾಮ್ರದೊಳಗೆ ಹುದುಗಿಸಿ ಎಳೆದ ತಂತಿಯ ಸುರುಳಿ; ಆ ಸುರುಳಿಯನ್ನು ದ್ರವರೂಪದ ಹೀಲಿಯಂನಿಂದ ನಿರಪೇಕ್ಷ ಶೂನ್ಯಕ್ಕಿಂತ ನಾಲ್ಕೇ ಡಿಗ್ರಿ ಮೇಲೆ, ಅಂದರೆ ಸೊನ್ನೆಗಿಂತ ಕೆಳಗೆ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಣ್ಣಗಿರಿಸಲಾಗುತ್ತದೆ. ಆ ಚಳಿಯಲ್ಲಿ ಮಿಶ್ರಲೋಹ ಅತಿವಾಹಕವಾಗುತ್ತದೆ. ವಿದ್ಯುತ್ತಿಗೆ ಅದು ಒಡ್ಡುವ ರೋಧ ಇಲ್ಲವಾಗುತ್ತದೆ. ಯಂತ್ರವನ್ನು ಸ್ಥಾಪಿಸುವಾಗ ಸುರುಳಿಯೊಳಗೆ ಒಮ್ಮೆ ವಿದ್ಯುತ್ತನ್ನು ತುಂಬಿ, ಅದರ ಎರಡು ತುದಿಗಳನ್ನು ಅತಿವಾಹಕ ತಂತಿಯಿಂದಲೇ ಬೆಸೆದುಬಿಟ್ಟರೆ, ಹೊರಗಿನ ಸರಬರಾಜನ್ನು ಕಿತ್ತುಹಾಕಿದ ಮೇಲೂ ಆ ಪ್ರವಾಹ ವರ್ಷಾನುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಇಂಥ ಪ್ರವಾಹ ಎಷ್ಟು ಕಾಲ ಬಾಳೀತೆಂಬುದನ್ನು 1963ರಲ್ಲಿ ಅಮೆರಿಕದ ಫೈಲ್ ಮತ್ತು ಮಿಲ್ಸ್ ಎಂಬ ವಿಜ್ಞಾನಿಗಳು ಅಳೆದು ನೋಡಿದಾಗ, ಅದು ಗಮನಾರ್ಹವಾಗಿ ಕ್ಷೀಣಿಸಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಬೇಕೆಂಬ ನಿರ್ಣಯಕ್ಕೆ ಬಂದರು.

ರೋಗಿಯನ್ನು ಆ ಸುರಂಗದೊಳಗೆ ಮಲಗಿಸುವ ತಂತ್ರಜ್ಞ ಈ ಲೋಹ ನಿಜವಾಗಿಯೂ ಅತಿವಾಹಕವೇ ಎಂದು ಪ್ರಶ್ನಿಸಬೇಕಾಗಿಲ್ಲ. ಆ ಪ್ರಶ್ನೆಯನ್ನು ಬೇರೆ ಯಾರೋ, ಬೇರೆಲ್ಲೋ, ಬಹು ಹಿಂದೆಯೇ ಕೇಳಿ, ನಾನಾ ವಿಧದಿಂದ ಪರೀಕ್ಷಿಸಿ, ಸಂದೇಹಕ್ಕೆ ಎಡೆಯಿಲ್ಲದಂತೆ ಉತ್ತರವನ್ನು ಪಡೆದಿಟ್ಟಿರುವುದರಿಂದಲೇ ಆತ ನಿಶ್ಚಿಂತನಾಗಿರುವುದು ಸಾಧ್ಯವಾಗಿದೆ. ಒಂದು ವಸ್ತು ಅತಿವಾಹಕವಾಯಿತೆಂದು ಹೇಳುವುದು ಸುಲಭ. ಹಾಗೆ ಹೇಳುವ ಅಧಿಕಾರವನ್ನು ಗಳಿಸುವುದು ಕಷ್ಟ. ಆ ಅಧಿಕಾರವನ್ನು ಗಳಿಸುವ ಬಗೆಯನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹ ಅತ್ಯಲ್ಪವೆಂದೂ, ಅತಿವಾಹಕದ ಅದ್ಭುತಗಳನ್ನು ವರ್ಣಿಸುವ ಉತ್ಸಾಹದಲ್ಲಿ ಅದರ ಪರೀಕ್ಷೆಯ ಶ್ರಮವನ್ನು ನಾವು ಮರೆಯುತ್ತಿದ್ದೇವೆಂದೂ ನನಗೆ ಬಹುಕಾಲದಿಂದ ಅನ್ನಿಸಿದೆ.

ಈ ಶ್ರಮ ನಡೆಯುವ ನೆಲೆಗಳಲ್ಲೊಂದು ಪರೇಲಿನಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ, ಅದೇ ಮುಂಬಯಿಯ ಭೂಮಿ ಸಮುದ್ರದಲ್ಲಿ ಕೊನೆಗೊಳ್ಳುವ ಕೊಲಾಬಾದ ತುದಿಯಲ್ಲಿ ಇದೆ. ಹೋಮಿ ಭಾಭಾ ಅವರು 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭಿಸಿ ಅದೇ ವರ್ಷದ ಕೊನೆಗೆ ಮುಂಬಯಿಗೆ ಒಯ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1975ರಿಂದ 1987ರವರೆಗೆ ಅದರ ನಿರ್ದೇಶಕರಾಗಿದ್ದುದನ್ನು ಕನ್ನಡಿಗರು ಅಭಿಮಾನದಿಂದ ಸ್ಮರಿಸಬಹುದು. ಅಲ್ಲಿನ ಪ್ರಯೋಗಶಾಲೆಗಳಲ್ಲಿ ದ್ರವ ಹೀಲಿಯಂ ನಿತ್ಯದ ಸಾಮಗ್ರಿ.

ಹೀಲಿಯಂನ ವೃತ್ತಾಂತಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. 1868ರ ಆಗಸ್ಟ್ 18ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಅಡ್ಡಹಾಯ್ದಾಗ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರೂ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರೂ ರೋಹಿತದರ್ಶಕವನ್ನು ಹೂಡಿ ಕುಳಿತಿದ್ದರು. ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಗಳ ಬೆಳಕಿನಲ್ಲಿ ಹರ್ಷೆಲ್ ಕಂಡದ್ದು ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಉಜ್ಜ್ವಲ ರೇಖೆಗಳನ್ನು. ಸೋಡಿಯಂನದೆಂದು ಮೊದಲು ಬಗೆಯಲಾಗಿದ್ದ ನಡುವಿನ ರೇಖೆ ಭೂಮಿಯ ಮೇಲೆ ಆಗ ಯಾರೂ ಅರಿಯದ ಧಾತುವೊಂದರದೆಂದು ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕ್ಯರ್ ಅವರ ವಿಚಾರಣೆಯಿಂದ ಸ್ಪಷ್ಟವಾಯಿತು. ರಸಾಯನವಿಜ್ಞಾನಿ ರಾಮ್ಸೆ ಅದನ್ನು 1895ರಲ್ಲಿ ಭೂಮಿಯ ಖನಿಜದಿಂದಲೇ ಪ್ರತ್ಯೇಕಿಸಿದರು. ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಓನ್ನೆಸ್ ಅದನ್ನು 1908ರ ಜುಲೈ 10ರಂದು ದ್ರವವಾಗಿಸಿದರು. ಮೂರು ವರ್ಷ ಕಳೆದು, 1911ರಲ್ಲಿ, ಅವರ ಪ್ರಯೋಗಶಾಲೆಯಲ್ಲಿ ಪಾದರಸದ ರೋಧ 4.2 ಕೆಲ್ವಿನ್ ಸಮೀಪಿಸಿದೊಡನೆ ಥಟ್ಟನೆ ಮಾಯವಾಯಿತು. ಅವರು ಪಾದರಸವನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಭಟ್ಟಿಯಿಳಿಸಿ ಅದನ್ನು ಮತ್ತೆ ಮತ್ತೆ ಶುದ್ಧಿಗೊಳಿಸಬಹುದೆಂಬುದು. ಕಾಣಿಸಿದ್ದು ನಿಜವೋ, ತಂತಿಯೆಲ್ಲೋ ಒಂದಕ್ಕೊಂದು ತಗುಲಿದ ದೋಷವೋ ಎಂದು ಅವರು ಮೊದಲು ಶಂಕಿಸಿ, ಆ ಶಂಕೆ ನಿವಾರಣೆಯಾಗುವವರೆಗೂ ಪರೀಕ್ಷಿಸಿದರು. ಈ ವಿದ್ಯೆಯ ಶಿಷ್ಟಾಚಾರ ಅಂದೇ ನಿರ್ಣಯವಾಯಿತೆನ್ನಬೇಕು.

ರೋಧವನ್ನು ಅಳೆಯುವುದೇ ಇಂದಿಗೂ ಮೊದಲ ಪರೀಕ್ಷೆ. ಅದರ ಸಿದ್ಧತೆಯನ್ನು ಹತ್ತಿರದಿಂದ ನೋಡಿದವರಿಗೆ ಅಲ್ಲಿ ಕೈಚಳಕಕ್ಕೆ ಎಷ್ಟು ಬೆಲೆಯೆಂಬುದು ಅರಿವಾಗುತ್ತದೆ. ತಾಮ್ರದ ಸಣ್ಣ ಗಟ್ಟಿಯ ಮೇಲೆ ಸಿಗರೇಟಿನ ತೆಳುಕಾಗದದ ತುಣುಕನ್ನು ವಾರ್ನಿಷಿನಲ್ಲಿ ತೋಯಿಸಿ ಅಂಟಿಸುತ್ತಾರೆ. ಕಾಗದ ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಹಾಯಗೊಡುತ್ತದೆ. ಅದರ ಮೇಲೆ ಎರಡು ಮೂರು ಮಿಲಿಮೀಟರು ಉದ್ದದ ನಮೂನೆ ಕೂಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ, ಉಸಿರು ಬಿಗಿಹಿಡಿದು, ನವಿರಾದ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಲೇಪದ ಚುಕ್ಕೆಗಳಿಂದ ನಮೂನೆಗೆ ಸಾಲಾಗಿ ತಗುಲಿಸಿ ಒಣಗಲು ಬಿಡುತ್ತಾರೆ. ಆಮೇಲೆ ಆ ಗಟ್ಟಿಯನ್ನು ಉಕ್ಕಿನ ತೆಳುಗೊಳವೆಯ ತುದಿಗೆ ಬಿಗಿದು, ಹೀಲಿಯಂ ತುಂಬಿದ ಪಾತ್ರೆಯ ಕೊರಳಿನಲ್ಲಿ ಬೆರಳಗಲ ಬೆರಳಗಲವಾಗಿ ಇಳಿಸುತ್ತಾರೆ. ಆತುರಪಟ್ಟರೆ ಹೀಲಿಯಂ ಕುದಿದು ಹಾರಿಹೋಗುತ್ತದೆ, ಹಾರಿಹೋದುದನ್ನು ಮತ್ತೆ ಹಿಡಿದು ದ್ರವವಾಗಿಸುವ ಕೊಳವೆಗಳ ಏರ್ಪಾಡು ಇದ್ದರೂ ಆ ದಿನದ ಕೆಲಸ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮೂನೆಯ ಉಷ್ಣತೆಯೂ ಪಕ್ಕದ ತಾಪಮಾಪಕದ ಉಷ್ಣತೆಯೂ ಬೇರೆ ಬೇರೆಯಾಗಿ ಅಳತೆಯೇ ಸುಳ್ಳಾಗುತ್ತದೆ.

ನಾಲ್ಕು ತಂತಿಗಳೇಕೆ? ಹೊರಗಿನ ಎರಡು ತಂತಿಗಳಿಂದ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರಿಂದ ಅವುಗಳ ನಡುವಣ ವೋಲ್ಟೇಜನ್ನು ಮಾತ್ರ ನೋಡುವುದರಿಂದ, ತಂತಿಗಳ ಮತ್ತು ಬೆಳ್ಳಿಯ ಚುಕ್ಕೆಗಳ ಸ್ವಂತ ರೋಧ ಲೆಕ್ಕಕ್ಕೆ ಬರುವುದಿಲ್ಲ. ಎರಡೇ ತಂತಿಗಳಿಂದ ಅಳೆದರೆ ಗೋಣಿಚೀಲದ ಭಾರವನ್ನೂ ಕೂಡಿಸಿ ಧಾನ್ಯವನ್ನು ತೂಗಿದಂತಾದೀತು. ಇಲ್ಲಿ ಧಾನ್ಯ ಚೀಲಕ್ಕಿಂತ ಸಹಸ್ರಪಾಲು ಹಗುರ. ಇಷ್ಟಾದರೂ ತೊಂದರೆ ಮುಗಿಯಲಿಲ್ಲ. ಮೇಲಿನ ತುದಿ ಕೋಣೆಯ ಬಿಸಿಯಲ್ಲಿಯೂ ಕೆಳಗಿನ ತುದಿ ಹೀಲಿಯಂನ ಚಳಿಯಲ್ಲಿಯೂ ಇರುವ ತಂತಿಯಲ್ಲಿ, ಆ ತಾಪಭೇದವೊಂದರಿಂದಲೇ ಮೈಕ್ರೋವೋಲ್ಟುಗಳ ಲೆಕ್ಕದ ವೋಲ್ಟೇಜ್ ತಾನಾಗಿ ಹುಟ್ಟುತ್ತದೆ. ನಾವು ಹುಡುಕುವ ಸಂಕೇತ ಎಷ್ಟೋ ವೇಳೆ ಅದಕ್ಕಿಂತಲೂ ಕ್ಷೀಣವಾದುದು. ಆದಕಾರಣ ಪ್ರವಾಹದ ದಿಕ್ಕನ್ನು ತಿರುಗುಮುರುಗು ಮಾಡಿ ಎರಡು ಸಲ ಅಳೆದು, ದಿಕ್ಕಿನೊಡನೆ ಬದಲಾಗದ ಭಾಗವನ್ನು ಕಳೆದುಬಿಡುತ್ತಾರೆ. ಎಂ.ಆರ್.ಐ.ಗೆ ಬಳಸುವ ತಂತಿಯ ಪರೀಕ್ಷೆಯೂ ಇದೇ ಕ್ರಮದ್ದು. ತಂತಿಯನ್ನು ಹೀಲಿಯಂನಲ್ಲಿ ಮುಳುಗಿಸಿ, ಬಲವಾದ ಕಾಂತಕ್ಷೇತ್ರದಲ್ಲಿಟ್ಟು, ಪ್ರವಾಹವನ್ನು ಮೆಲ್ಲನೆ ಏರಿಸುತ್ತ ಹೋದಾಗ ಸೆಂಟಿಮೀಟರಿಗೆ ಒಂದು ಮೈಕ್ರೋವೋಲ್ಟ್ ಎಲ್ಲಿ ತಲೆದೋರುತ್ತದೆಯೋ ಅಲ್ಲಿಗೆ ಆ ತಂತಿಯ ಸಾಮರ್ಥ್ಯದ ಎಲ್ಲೆ ಮುಗಿಯಿತೆಂದು ಗಣಿಸುವುದು ವಾಡಿಕೆ. ಆ ಎಲ್ಲೆಯನ್ನು ಮೀರಿದ ಸುರುಳಿ ಕ್ಷಣಾರ್ಧದಲ್ಲಿ ಸಾಮಾನ್ಯ ಲೋಹವಾಗಿ ಬಿಸಿಯೇರುತ್ತದೆ. ಆ ಬಿಸಿಗೆ ಹೀಲಿಯಂ ಕುದಿದು, ಒಂದೊಂದು ಲೀಟರ್ ದ್ರವವೂ ಏಳುನೂರು ಲೀಟರಿಗೂ ಹೆಚ್ಚಿನ ಅನಿಲವಾಗಿ ಉಬ್ಬುತ್ತದೆ. ಅದನ್ನು ಹೊರಗೆ ಸಾಗಿಸುವುದಕ್ಕೆಂದೇ ಯಂತ್ರದ ಕೋಣೆಯಿಂದ ಬಯಲಿಗೆ ಒಂದು ದಪ್ಪ ಕೊಳವೆಯನ್ನು ಹಾಯಿಸಿರುತ್ತಾರೆ.

ಆದರೆ ರೋಧಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಶೂನ್ಯವನ್ನು ಅಳೆಯುವ ಉಪಕರಣ ಲೋಕದಲ್ಲಿಲ್ಲ. ನಮ್ಮ ಉಪಕರಣದ ಗ್ರಹಣಶಕ್ತಿಗಿಂತ ಕಡಮೆ ಎನ್ನುವುದಷ್ಟೇ ಯಾರಾದರೂ ಪ್ರಾಮಾಣಿಕವಾಗಿ ಹೇಳಬಹುದಾದ ಮಾತು. ಮತ್ತೊಂದು ಗಂಡಾಂತರ ಇನ್ನೂ ಗಹನವಾದುದು. ನಮೂನೆಯ ನೂರರಲ್ಲಿ ತೊಂಬತ್ತೆಂಟು ಪಾಲು ಸಾಮಾನ್ಯ ಲೋಹವಾಗಿದ್ದು, ಉಳಿದ ಎರಡು ಪಾಲು ಅತಿವಾಹಕವಾದ ಸಣ್ಣ ಎಳೆಯಂತೆ ಈ ಕೊನೆಯಿಂದ ಆ ಕೊನೆಗೆ ಹಬ್ಬಿದ್ದರೂ ಸಾಕು, ವಿದ್ಯುತ್ತು ಆ ದಾರಿಯನ್ನೇ ಹಿಡಿದು, ವಸ್ತುವೆಲ್ಲ ಅತಿವಾಹಕವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅತಿವಾಹಕವೇ ಇಲ್ಲದೆಯೂ ಇಂಥ ಭ್ರಮೆ ಹುಟ್ಟುವುದುಂಟು. 2023ರ ಜುಲೈಯಲ್ಲಿ ದಕ್ಷಿಣ ಕೊರಿಯದಿಂದ ಬಂದ, ಕೋಣೆಯ ಉಷ್ಣತೆಯಲ್ಲಿಯೇ ಅತಿವಾಹಕವೆನಿಸಿಕೊಂಡ ವಸ್ತುವಿನ ಸುದ್ದಿ ಜಗತ್ತನ್ನೆಲ್ಲ ಕಲಕಿದ್ದು ಓದುಗರಿಗೆ ನೆನಪಿರಬಹುದು. ಅದರಲ್ಲಿ ಬೆರಕೆಯಾಗಿದ್ದ ತಾಮ್ರದ ಸಲ್ಫೈಡು ನೂರು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುವಾಗ ರೋಧ ಸಾವಿರಾರು ಮಡಿ ಕುಸಿಯುತ್ತದೆಂಬುದೂ, ಕಂಡದ್ದು ಅದರ ಛಾಯೆಯೆಂಬುದೂ ಕೆಲವೇ ವಾರಗಳಲ್ಲಿ ತಿಳಿದುಬಂತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೂ ಆ ವಸ್ತುವನ್ನು ತಯಾರಿಸಿ ಪರೀಕ್ಷಿಸಿ, ಅತಿವಾಹಕತೆ ಕಾಣಲಿಲ್ಲವೆಂದೇ ವರದಿ ಮಾಡಿದರು.

ಹೀಗಿರುವಾಗ ಕರೆಯಬೇಕಾದ ಎರಡನೆಯ ಸಾಕ್ಷಿ ಕಾಂತತ್ವ. ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎಂಬ ಜರ್ಮನ್ ವಿಜ್ಞಾನಿಗಳು 1933ರಲ್ಲಿ ಕಂಡುಕೊಂಡ ಪ್ರಕಾರ, ಅತಿವಾಹಕವು ತನ್ನ ಒಡಲೊಳಗೆ ಕಾಂತಕ್ಷೇತ್ರವನ್ನು ಇರಗೊಡುವುದಿಲ್ಲ. ಮೊದಲೇ ಒಳಹೊಕ್ಕಿದ್ದ ಕ್ಷೇತ್ರವನ್ನು ಕೂಡ, ಸಂಕ್ರಮಣದ ಉಷ್ಣತೆಯನ್ನು ದಾಟಿದೊಡನೆ, ಹೊರದೂಡುತ್ತದೆ. ರೋಧವಿಲ್ಲದ ಲೋಹವೊಂದನ್ನು ನಾವು ಊಹಿಸಿಕೊಂಡರೆ ಅದು ಹೊಸದಾಗಿ ಬರುವ ಕ್ಷೇತ್ರವನ್ನು ತಡೆದೀತೇ ಹೊರತು, ಒಳಗಿದ್ದುದನ್ನು ಹೊರಗೆ ಹಾಕುವ ಕಾರಣವಿಲ್ಲ. ಆದ್ದರಿಂದ ಪ್ರಯೋಗಶಾಲೆಯಲ್ಲಿ ನಮೂನೆಯನ್ನು ಎರಡು ಬಗೆಯಾಗಿ ತಣಿಸುತ್ತಾರೆ: ಕ್ಷೇತ್ರವಿಲ್ಲದೆ ತಣಿಸಿ ಆಮೇಲೆ ಕ್ಷೇತ್ರವನ್ನು ಹೂಡುವುದು ಒಂದು, ಕ್ಷೇತ್ರವನ್ನು ಹೂಡಿಕೊಂಡೇ ತಣಿಸುವುದು ಇನ್ನೊಂದು. ಎರಡನೆಯದರಲ್ಲಿಯೂ ಕ್ಷೇತ್ರ ಹೊರಗೆ ಬಿದ್ದರೆ ಅದು ಅತಿವಾಹಕತೆಯ ನಿಜವಾದ ಗುರುತು. ಎಷ್ಟು ಬಿತ್ತೆಂಬುದರಿಂದ ನಮೂನೆಯ ಎಷ್ಟು ಪಾಲು ಅತಿವಾಹಕವಾಗಿದೆಯೆಂಬುದರ ಅಂದಾಜೂ ದೊರೆಯುತ್ತದೆ. ಇದಕ್ಕೆ ಸರಳವಾದ ಸಾಧನ, ಒಂದರೊಳಗೊಂದು ಕೂಡಿಸಿದ ಸುರುಳಿಗಳು: ಹೊರಗಿನ ಸುರುಳಿಯಲ್ಲಿ ಸಣ್ಣ ಪರ್ಯಾಯ ಪ್ರವಾಹವನ್ನು ಹಾಯಿಸಿ, ಒಳಗೆ ಎದುರುಬದುರು ದಿಕ್ಕಿಗೆ ಸುತ್ತಿದ ಎರಡು ಸುರುಳಿಗಳಲ್ಲೊಂದರಲ್ಲಿ ನಮೂನೆಯನ್ನು ಇರಿಸಿದರೆ, ಮೊದಲು ಒಂದನ್ನೊಂದು ರದ್ದುಗೊಳಿಸುತ್ತಿದ್ದ ಅವುಗಳ ಸಮತೋಲ ನಮೂನೆ ಅತಿವಾಹಕವಾದ ಕ್ಷಣದಲ್ಲಿ ತಪ್ಪುತ್ತದೆ. ಇದಕ್ಕಿಂತ ಸಹಸ್ರಾರು ಪಾಲು ಸೂಕ್ಷ್ಮವಾದುದು ಸ್ಕ್ವಿಡ್. ಜೋಸೆಫ್‌ಸನ್ 1962ರಲ್ಲಿ ಊಹಿಸಿದ ತತ್ತ್ವದ ಮೇಲೆ ನಿಂತಿರುವ, ನಡುವೆ ಎರಡು ದುರ್ಬಲ ಸಂದುಗಳುಳ್ಳ ಆ ಉಂಗುರ ತಾನೇ ಅತಿವಾಹಕ. ಅತಿವಾಹಕವನ್ನು ಪರೀಕ್ಷಿಸಲು ಅತಿವಾಹಕವೇ ಬಂದು ಕೂಡುತ್ತದೆ.

ಸಾಕ್ಷಿ ಎರಡಾದರೂ ವಿಚಾರಣೆ ಕಟ್ಟುನಿಟ್ಟಾಗಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 2018ರಲ್ಲಿ, ಚಿನ್ನ ಬೆಳ್ಳಿಗಳ ಅತಿಸೂಕ್ಷ್ಮ ಕಣಗಳು 236 ಕೆಲ್ವಿನ್‌ನಲ್ಲಿಯೇ ಅತಿವಾಹಕವಾಗುತ್ತವೆಂಬ ಪ್ರತಿಪಾದನೆ ಹೊರಬಂದಾಗ, ಭಿನ್ನ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ರೇಖೆಗಳಲ್ಲಿನ ಗದ್ದಲ, ಅಂದರೆ ಆಕಸ್ಮಿಕವಾದ ಏರಿಳಿತಗಳು, ಒಂದೇ ಅಚ್ಚಿನಲ್ಲಿರುವುದನ್ನು ಅಮೆರಿಕದ ಯುವ ಭೌತವಿಜ್ಞಾನಿಯೊಬ್ಬರು ಎತ್ತಿ ತೋರಿಸಿದರು. ಆ ಸಂಶೋಧಕರು ಮರುವರ್ಷ ಹೆಚ್ಚಿನ ಅಳತೆಗಳೊಡನೆ ವಿಸ್ತಾರವಾದ ಲೇಖನವನ್ನು ನೀಡಿದರಾದರೂ, ಆ ಪ್ರತಿಪಾದನೆ ಸರ್ವಸಮ್ಮತವಾಗಿ ನೆಲೆಗೊಂಡಿಲ್ಲ. ಆ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ತೋರುವುದು ಯಾರ ಸೋಲು ಗೆಲುವೂ ಅಲ್ಲ. ಅಳತೆಯಲ್ಲಿ ಬೇಡವೆಂದು ನಾವು ಕಡೆಗಣಿಸುವ ಗದ್ದಲವನ್ನೂ ಕೂಡ ತಜ್ಞರ ಕಣ್ಣು ಓದುತ್ತದೆಂಬುದು, ಹಾಗೆ ಓದುವವರಿರುವುದು ವಿಜ್ಞಾನದ ಆರೋಗ್ಯದ ಲಕ್ಷಣವೆಂಬುದು.

ಮೂರನೆಯ ಸಾಕ್ಷಿ ಶಾಖ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತ್ಯಂತ ವಿಶ್ವಸನೀಯವಾದುದು ಅದೇ. ನಮೂನೆಯನ್ನು ಸುತ್ತಲಿನಿಂದ ಸಾಧ್ಯವಾದಷ್ಟು ಪ್ರತ್ಯೇಕಿಸಿ, ಅದಕ್ಕೆ ಇಷ್ಟೇ ಎಂದು ಅಳೆದ ಶಾಖವನ್ನು ಕೊಟ್ಟು, ಉಷ್ಣತೆ ಎಷ್ಟು ಏರಿತೆಂದು ನೋಡಿದರೆ ಅದರ ವಿಶಿಷ್ಟೋಷ್ಣ ಸಿಗುತ್ತದೆ. ಅತಿವಾಹಕತೆಗೆ ತಿರುಗುವ ಉಷ್ಣತೆಯಲ್ಲಿ ಈ ವಿಶಿಷ್ಟೋಷ್ಣ ಮೆಟ್ಟಿಲಿನಂತೆ ಒಮ್ಮೆಗೇ ಜಿಗಿಯುತ್ತದೆ. ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಕೂಡಿಕೊಂಡು ಒಂದೇ ಸಾಮೂಹಿಕ ಸ್ಥಿತಿಗೆ ಇಳಿಯುವುದೇ ಅತಿವಾಹಕತೆಯೆಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ನಿರೂಪಿಸಿದ ಸಿದ್ಧಾಂತದ ಮೇರೆಗೆ, ಆ ಜಿಗಿತ ಎಲೆಕ್ಟ್ರಾನುಗಳ ಸಾಮಾನ್ಯ ವಿಶಿಷ್ಟೋಷ್ಣದ 1.43ರಷ್ಟಿರಬೇಕು. ಶಾಖ ನಮೂನೆಯ ಒಂದೊಂದು ಪರಮಾಣುವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ, ನೂರರಲ್ಲಿ ಎರಡು ಪಾಲಿನ ಬೆರಕೆ ಇಲ್ಲಿ ಇಡೀ ವಸ್ತುವಿನ ಹೆಸರಿನಲ್ಲಿ ಮಾತಾಡಲಾರದು. ಜಿಗಿತ ಅಷ್ಟಕ್ಕಷ್ಟೇ ಕಿರಿದಾಗಿಬಿಡುತ್ತದೆ.

ಈ ಸಾಕ್ಷಿಗಳ ಪರಸ್ಪರ ವಿಚಾರಣೆ ಎಂಥ ಫಲವನ್ನು ಕೊಡಬಲ್ಲುದೆಂಬುದಕ್ಕೆ ಕೊಲಾಬಾದ ಸಂಸ್ಥೆಯಲ್ಲಿಯೇ ಒಂದು ಉಜ್ಜ್ವಲ ಉದಾಹರಣೆಯುಂಟು. ತೊಂಬತ್ತರ ದಶಕದ ಆದಿಯಲ್ಲಿ ಆರ್. ನಾಗರಾಜನ್, ಎಲ್. ಸಿ. ಗುಪ್ತಾ, ಚಂದನ್ ಮಜುಮ್‌ದಾರ್ ಮೊದಲಾದವರು ಯಿಟ್ರಿಯಂ, ನಿಕಲ್, ಬೋರಾನ್‌ಗಳನ್ನು ಕರಗಿಸಿ ಬೆರೆಸಿದ ಸಂಯುಕ್ತವೊಂದನ್ನು ಪರಿಶೀಲಿಸುತ್ತಿದ್ದರು. ಆ ಸಂಯುಕ್ತದಲ್ಲಿ 12 ಕೆಲ್ವಿನ್ ಸುಮಾರಿಗೆ ರೋಧ ಇಳಿಯಿತು. ಕಾಂತಪರೀಕ್ಷೆ ಮಾತ್ರ ನಮೂನೆಯ ಅತ್ಯಲ್ಪ ಭಾಗವಷ್ಟೇ ಅತಿವಾಹಕವೆಂದು ನುಡಿಯಿತು. ನಿಕಲ್ ಸ್ವಭಾವತಃ ಕಾಂತೀಯ ಲೋಹವಾದುದರಿಂದ, ಅದು ಹೇರಳವಾಗಿರುವ ವಸ್ತುವಿನಲ್ಲಿ ಇಷ್ಟು ಎತ್ತರದ ಉಷ್ಣತೆಯ ಅತಿವಾಹಕತೆಯನ್ನು ಯಾರೂ ಎದುರುನೋಡಿರಲಿಲ್ಲ. ಇದನ್ನು ಏನೋ ಕಲ್ಮಷವೆಂದು ಬದಿಗೊತ್ತಿ ಮುಂದೆ ಹೋಗುವುದು ಅತ್ಯಂತ ಸಹಜವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕಂಡುದನ್ನು 1993ರಲ್ಲಿ ಪ್ರಕಟಿಸಿ, ಆ ಅಲ್ಪಭಾಗ ಯಾವುದೆಂಬ ಶೋಧಕ್ಕೆ ತೊಡಗಿದರು. ಹುಡುಕಿದಾಗ ಸಿಕ್ಕಿದ್ದು, ಯಾರೂ ಬೇಕೆಂದು ಹಾಕದೆ ನುಸುಳಿಕೊಂಡಿದ್ದ ಇಂಗಾಲ. ಅದನ್ನೇ ಈಗ ಬೇಕೆಂದು ಅಳೆದು ಸೇರಿಸಿ ಕರಗಿಸಿದಾಗ ಅತಿವಾಹಕತೆ ವಸ್ತುವಿನ ಒಡಲನ್ನೆಲ್ಲ ವ್ಯಾಪಿಸಿತು. 1994ರ ಆರಂಭದಲ್ಲಿ ಪ್ರಕಟವಾದ ಅವರ ಲೇಖನದಿಂದಲೂ, ಅಮೆರಿಕದ ಬೆಲ್ ಪ್ರಯೋಗಾಲಯದವರು ಅದೇ ಕಾಲಕ್ಕೆ ಸ್ವತಂತ್ರವಾಗಿ ನಡೆಸಿದ ಶೋಧದಿಂದಲೂ ಬೋರೋಕಾರ್ಬೈಡುಗಳೆಂಬ ಹೊಸದೊಂದು ಕುಲವೇ ಬೆಳಕಿಗೆ ಬಂತು. ಆ ಕುಲದ ಎರ್ಬಿಯಂ ಸಂಯುಕ್ತ ಸುಮಾರು 11 ಕೆಲ್ವಿನ್‌ನಲ್ಲಿ ಅತಿವಾಹಕವಾಗಿ, ಸುಮಾರು 6 ಕೆಲ್ವಿನ್‌ನಲ್ಲಿ ಕಾಂತೀಯ ವಿನ್ಯಾಸವನ್ನೂ ತಳೆದು, ಬದ್ಧವೈರಿಗಳೆಂದು ಬಗೆದಿದ್ದ ಎರಡು ಗುಣಗಳನ್ನು ಒಂದೇ ಹರಳಿನಲ್ಲಿ ಬಾಳಿಸುತ್ತದೆ. ಉಪೇಕ್ಷೆಗೆ ಯೋಗ್ಯವೆನಿಸಿದ ಅಲ್ಪಭಾಗದ ಸಂಕೇತವನ್ನು ಗೌರವಿಸಿದವರಿಗೆ ದೊರೆತ ಪ್ರತಿಫಲ ಅದು. ಭಾರತದ ಘನಸ್ಥಿತಿ ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಶ್ಲಾಘ್ಯವಾದ ಕೆಲಸಗಳು ಹಲವಿಲ್ಲವೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಮೂರು ಸಾಕ್ಷಿಗಳು ಒಪ್ಪಿದ ಮೇಲೂ, ಅತಿವಾಹಕತೆ ಇದೆಯೆಂದು ತಿಳಿಯಿತೇ ಹೊರತು ಅದರ ಬಗೆ ಯಾವುದೆಂದು ತಿಳಿಯಲಿಲ್ಲ. ಅದಕ್ಕಾಗಿ ಎಲೆಕ್ಟ್ರಾನುಗಳ ಶಕ್ತಿಗಳನ್ನೇ ನೇರವಾಗಿ ನೋಡಬೇಕು. ಜೋಡಿಯನ್ನು ಒಡೆಯಲು ಇಂತಿಷ್ಟು ಶಕ್ತಿ ಬೇಕಾಗುವುದರಿಂದ, ಅತಿವಾಹಕದ ಎಲೆಕ್ಟ್ರಾನುಗಳ ಶಕ್ತಿಶ್ರೇಣಿಯ ನಡುವೆ ಒಂದು ಖಾಲಿ ಕಂದರವಿರುತ್ತದೆ. ಮೊನಚಾದ ಸೂಜಿಯೊಂದನ್ನು ನಮೂನೆಯ ಮೇಲ್ಮೈಗೆ ತಗುಲಿಯೂ ತಗುಲದಷ್ಟು ಸಮೀಪಕ್ಕೆ ತಂದು, ನಡುವಣ ನಿರ್ವಾತವನ್ನು ದಾಟಿ ಸುರಂಗಮಾರ್ಗದಿಂದೆಂಬಂತೆ ಹಾಯುವ ಅತ್ಯಲ್ಪ ಪ್ರವಾಹವನ್ನು ಅಳೆದರೆ ಆ ಕಂದರದ ಅಗಲವೂ ಆಕಾರವೂ ಗೋಚರವಾಗುತ್ತವೆ. ಕೊಲಾಬಾದ ಸಂಸ್ಥೆಯಲ್ಲಿ ಪ್ರತಾಪ್ ರಾಯ್‌ಚೌಧರಿ ಮತ್ತು ಅವರ ಶಿಷ್ಯರು 0.35 ಕೆಲ್ವಿನ್‌ವರೆಗೆ ತಣಿಯುವ, 9 ಟೆಸ್ಲಾ ಕ್ಷೇತ್ರದಲ್ಲಿ ನಡೆಯುವ ಇಂಥ ಸೂಕ್ಷ್ಮದರ್ಶಕವನ್ನು ತಾವೇ ಕಟ್ಟಿಕೊಂಡು, ನಿಯೋಬಿಯಂ ನೈಟ್ರೈಡಿನ ತೆಳುಪದರಗಳನ್ನು ಪರಿಶೀಲಿಸಿದ್ದಾರೆ. ಆ ಪದರಗಳಲ್ಲಿ ಪರಮಾಣುಗಳ ಅವ್ಯವಸ್ಥೆ ಬಹಳವಾದಾಗ, ರೋಧ ಶೂನ್ಯವಾಗುವ ಉಷ್ಣತೆಗಿಂತ ಮೇಲೆಯೂ ಕಂದರದ ಕುರುಹು ಉಳಿದೇ ಇರುತ್ತದೆ. ಎಂದರೆ, ಜೋಡಿಗಳು ಏರ್ಪಟ್ಟಿವೆ. ಅವೆಲ್ಲ ಒಂದೇ ಲಯಕ್ಕೆ ಬಂದಿಲ್ಲ. ಇಲ್ಲಿ ರೋಧದ ಸಾಕ್ಷಿಯೂ ಸೂಜಿಯ ಸಾಕ್ಷಿಯೂ ಭಿನ್ನವಾಗಿ ನುಡಿದಂತೆ ಕಂಡರೂ ಎರಡೂ ಸತ್ಯವನ್ನೇ ನುಡಿದಿವೆ, ಮತ್ತು ಆ ಭಿನ್ನತೆಯಿಂದಲೇ ಹೊಸ ಅರಿವು ಹುಟ್ಟಿದೆ.

ಕೊಲಾಬಾದಲ್ಲಿ ಈ ಸಂಸ್ಥೆಗಿಂತ ಮೊದಲೇ ಅಳತೆಯ ಇನ್ನೊಂದು ದೊಡ್ಡ ಪರಂಪರೆಯಿತ್ತು. ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಿನ ವೀಕ್ಷಣಾಲಯದಲ್ಲಿ 1841ರಿಂದ ದಾಖಲಿಸುತ್ತಿದ್ದರು. ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಮುಗಳನ್ನು ವಿದ್ಯುತ್ತಿನಿಂದ ನಡೆಸುವ ಯೋಜನೆ ಬಂದಾಗ, ಅವುಗಳ ಪ್ರವಾಹದಿಂದ ಸೂಕ್ಷ್ಮವಾದ ಕಾಂತಸೂಜಿಗಳು ಕದಡುವುದನ್ನು ಮುಂಗಂಡು, 1904ರಲ್ಲಿ ಕಡಲಾಚೆಯ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ತೆರೆದರು. ವಿದ್ಯುತ್ ಟ್ರಾಮು 1907ರಲ್ಲಿ ಓಡಿತು. ಟ್ರಾಮಿಗೆ ಹೆದರಿ ಕಾಂತಮಾಪನ ಊರುಬಿಟ್ಟ ಅದೇ ಕೊಲಾಬಾದಲ್ಲಿ, ಟ್ರಾಮಿಗಿಂತ ನೂರುಪಟ್ಟು ವಿದ್ಯುದ್ಗದ್ದಲವುಳ್ಳ ಇಂದಿನ ಮಹಾನಗರದ ನಡುವೆ, ಭೂಮಿಯ ಕ್ಷೇತ್ರದ ಎಂಟನೆಯ ಒಂದು ಪಾಲನ್ನೂ ತಡೆದುಕೊಳ್ಳಲಾರದ ಅತಿವಾಹಕವೊಂದನ್ನು ಎಸ್. ರಾಮಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಆ ವಸ್ತು ಬಿಸ್ಮತ್.

ಬಿಸ್ಮತ್ ಹಳೆಯ ಪರಿಚಯದ ಲೋಹ. ಕಾಂತಕ್ಷೇತ್ರದೊಡನೆ ಲೋಹದ ರೋಧ ಏರಿಳಿಯುವ, ಶೂಬ್ನಿಕೋಫ್ ಮತ್ತು ಡಿ ಹಾಸ್ ಅವರ ಹೆಸರಿನ ಪರಿಣಾಮವೂ, ಹಾಗೆಯೇ ಕಾಂತತ್ವ ಏರಿಳಿಯುವ, ಡಿ ಹಾಸ್ ಮತ್ತು ವಾನ್ ಆಲ್ಫೆನ್ ಅವರ ಹೆಸರಿನ ಪರಿಣಾಮವೂ 1930ರಲ್ಲಿ ಮೊದಲು ಕಂಡುಬಂದದ್ದು ಇದರಲ್ಲಿಯೇ. ಒತ್ತಡಕ್ಕೆ ಸಿಕ್ಕಿಸಿದರೆ ಅಥವಾ ಹರಳುಗಟ್ಟದಂತೆ ಮಾಡಿದರೆ ಅದು ಕೆಲವು ಕೆಲ್ವಿನ್‌ಗಳಲ್ಲಿ ಅತಿವಾಹಕವಾಗುತ್ತದೆಂದು ಗೊತ್ತಿತ್ತು. ಸಹಜ ಸ್ಥಿತಿಯ ಶುದ್ಧ ಹರಳು ಮಾತ್ರ ಎಷ್ಟು ತಣಿಸಿದರೂ ಮಣಿದಿರಲಿಲ್ಲ. ಅದರಲ್ಲಿ ಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದರಂತೆ ಮಾತ್ರ ಸಂಚಾರಿ ಎಲೆಕ್ಟ್ರಾನ್ ಇರುವುದರಿಂದ, ಜೋಡಿಗಳು ಕೂಡುವುದೇ ಅಸಂಭವವೆಂದು ಬಹುಮಂದಿ ನಂಬಿದ್ದರು. ಇದನ್ನು ಪರೀಕ್ಷಿಸಲು ದ್ರವ ಹೀಲಿಯಂನ ಚಳಿ ಯಾತಕ್ಕೂ ಸಾಲದು. ಹೀಲಿಯಂನ ಎರಡು ಸಮಸ್ಥಾನಿಗಳನ್ನು ಬೆರೆಸಿ ನಡೆಸುವ ಯಂತ್ರದಿಂದ ಕೆಲವು ಸಹಸ್ರಾಂಶ ಕೆಲ್ವಿನ್‌ಗೆ ಇಳಿದ ಮೇಲೆ, ಪ್ರಬಲ ಕಾಂತಕ್ಷೇತ್ರದಲ್ಲಿ ತಾಮ್ರದ ಗಟ್ಟಿಯೊಂದರ ಪರಮಾಣುಬೀಜಗಳನ್ನು ಸಾಲುಗೊಳಿಸಿ, ಆಗ ಹೊರಬರುವ ಶಾಖವನ್ನು ಸಾಗಿಸಿಬಿಟ್ಟು, ಶಾಖದ ದಾರಿಯನ್ನು ಕಡಿದು, ಕ್ಷೇತ್ರವನ್ನು ಬಹು ಮೆಲ್ಲನೆ ತಗ್ಗಿಸುತ್ತ ಬಂದರೆ, ಬೀಜಗಳು ಮತ್ತೆ ಚೆದುರುವಾಗ ತಾಮ್ರ ಇನ್ನೂ ತಣ್ಣಗಾಗುತ್ತದೆ. ದಾರಿಯನ್ನು ಕಡಿಯುವ ಕೀಲಿಯೂ ಸಾಮಾನ್ಯವಾಗಿ ಅತಿವಾಹಕದ್ದೇ. ವಿದ್ಯುತ್ತನ್ನು ಅಡ್ಡಿಯಿಲ್ಲದೆ ಹಾಯಗೊಡುವ ಆ ಸ್ಥಿತಿಯಲ್ಲಿ ಲೋಹ ಶಾಖವನ್ನು ಮಾತ್ರ ತೀರ ಕಡಮೆಯಾಗಿ ಒಯ್ಯುತ್ತದೆ.

ಆ ಚಳಿಯಲ್ಲಿ ಅತ್ಯಲ್ಪ ಶಾಖವೂ ಪ್ರಯೋಗವನ್ನು ಹಾಳುಮಾಡಬಲ್ಲುದು; ತಂತಿಗಳನ್ನು ತಗುಲಿಸಿ ಪ್ರವಾಹವನ್ನು ಹಾಯಿಸಿದರೆ ಅಳತೆಯೇ ನಮೂನೆಯನ್ನು ಬಿಸಿಮಾಡಬಹುದು. ಆದುದರಿಂದ ರಾಮಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ಆಶ್ರಯಿಸಿದ್ದು ಕಾಂತದ ಸಾಕ್ಷಿಯನ್ನು. ಹೊರಗಿನ ಕ್ಷೇತ್ರವನ್ನೆಲ್ಲ ಕವಚಗಳಿಂದ ದೂರವಿರಿಸಿ, ಸ್ಕ್ವಿಡ್ಡಿನಿಂದ ನೋಡಿದಾಗ, 0.53 ಮಿಲಿಕೆಲ್ವಿನ್‌ನಲ್ಲಿ, ಅಂದರೆ ಎಂ.ಆರ್.ಐ.ಯ ಹೀಲಿಯಂಗಿಂತ ಸುಮಾರು ಎಂಟು ಸಾವಿರ ಪಾಲು ಕೆಳಗಿನ ಉಷ್ಣತೆಯಲ್ಲಿ, ಬಿಸ್ಮತ್ತಿನ ಹರಳು ಕ್ಷೇತ್ರವನ್ನು ಹೊರದೂಡಿತು. ಅದರ ಅತಿವಾಹಕತೆಯನ್ನು ಅಳಿಸಿಹಾಕಲು 5.2 ಮೈಕ್ರೋಟೆಸ್ಲಾ ಕ್ಷೇತ್ರ ಸಾಕು. ಮುಂಬಯಿಯಲ್ಲಿ ಭೂಮಿಯ ಕ್ಷೇತ್ರವೇ ನಲವತ್ತು ಮೈಕ್ರೋಟೆಸ್ಲಾದ ಮೇಲಿದೆ.

ಬಾರ್ಡೀನ್, ಕೂಪರ್, ಶ್ರೀಫರ್ ಅವರ 1957ರ ಸಿದ್ಧಾಂತ ನಿಂತಿರುವುದು, ಎಲೆಕ್ಟ್ರಾನುಗಳು ಅತಿವೇಗಿಗಳು, ಹರಳಿನ ಪರಮಾಣುಗಳ ಕಂಪನ ಅವುಗಳ ಮುಂದೆ ತೀರ ನಿಧಾನ ಎಂಬ ಗ್ರಹಿಕೆಯ ಮೇಲೆ. ಬಿಸ್ಮತ್ತಿನ ವಿರಳವಾದ ಎಲೆಕ್ಟ್ರಾನುಗಳ ಶಕ್ತಿಯೂ ಆ ಕಂಪನಗಳ ಶಕ್ತಿಯೂ ಹೆಚ್ಚುಕಡಮೆ ಒಂದೇ ಶ್ರೇಣಿಯವಾದುದರಿಂದ ಆ ಗ್ರಹಿಕೆ ಇಲ್ಲಿ ನಿಲ್ಲುವುದಿಲ್ಲ. ಈ ಹರಳಿನಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಗೂಡಿಸುವ ಬಲ ಯಾವುದೆಂಬುದನ್ನು ಹೇಳಲು ಬೇರೆ ಸಿದ್ಧಾಂತ ಬೇಕು. ಅದನ್ನು ಕಟ್ಟುವವರಿಗೆ ಆಧಾರವಾಗಿರುವುದು ಕೊಲಾಬಾದಲ್ಲಿ ಅಳೆದ ಆ ಎರಡು ಸಂಖ್ಯೆಗಳು.